ಮೊಬೈಲಿಗೆ ಕಾವಲು



ಹೊಲಕ್ಕೆ ಬೇಲಿ, ಕೊಟ್ಟಿಗೆಗೆ ಅಗಳಿ, ತೆನೆ ಬಲಿತ ಮೇಲೆ ರಾತ್ರಿ ಕಾವಲು, ಇವನ್ನೆಲ್ಲ ಬೇಸಾಯಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಲೆಬಾಳುವ ವಸ್ತು ಎಲ್ಲಿದೆ, ಕಳ್ಳ ಯಾವ ದಾರಿಯಿಂದ ಬರುತ್ತಾನೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಅಂಗಿಯ ಮೇಲ್ಜೇಬಿಗೆ ಬಂದು ಕೂತಿರುವ ಟಚ್ ಫೋನಿನ ವಿಷಯದಲ್ಲಿ ಈ ಎರಡೂ ನಮಗೆ ಅಷ್ಟಾಗಿ ತಿಳಿಯದು. ಅದಕ್ಕೆ ಕಾವಲು ಬೇಕೇ, ಬೇಕಾದರೆ ಎಷ್ಟು, ಹೇಗೆ, ಎಂಬುದನ್ನು ಇವತ್ತು ವಿಚಾರ ಮಾಡೋಣ.

ಮೊನ್ನೆ ಒಂದು ಊರಿನ ಹಾಲಿನ ಡೈರಿಯ ಮುಂದೆ ಈ ಮಾತು ಎತ್ತಿದೆ. ಬೋರಲು ಹಾಕಿದ ಕ್ಯಾನಿನ ಮೇಲೆ ಕೂತಿದ್ದ ಯಜಮಾನರೊಬ್ಬರು ನಕ್ಕುಬಿಟ್ಟರು.

"ಅಲ್ಲ ಸ್ವಾಮಿ, ನನ್ನ ಫೋನಿನಾಗೆ ಕದಿಯಾಕೆ ಏನೈತೆ? ಮೊಮ್ಮಗನ ಫೋಟೋ, ಎರಡು ಭಜನೆ ಪದ. ಎಂಟು ಸಾವಿರದ ಸೆಟ್ಟು, ಅದ್ರಾಗೂ ಗಾಜು ಒಡೆದೈತೆ. ಹೋದ್ರೆ ಹೋಯ್ತು."

"ಅದಿರಲಿ ಯಜಮಾನ್ರೇ, ಹಾಲಿನ ಬಟವಾಡೆ ಎಲ್ಲಿಗೆ ಬರುತ್ತೆ?"

"ಬ್ಯಾಂಕಿಗೆ."

"ಬಂತು ಅಂತ ನಿಮಗೆ ಗೊತ್ತಾಗೋದು ಹೇಗೆ?"

"ಮೊಬೈಲಿಗೆ ಮೆಸೇಜು ಬರ್ತದೆ."

"ಪಿ.ಎಂ. ಕಿಸಾನ್ ಕಂತಿಗೆ ಯಾವ ನಂಬರು ಕೊಟ್ಟಿದ್ದೀರಿ?"

"ಇದೇ."

"ಮನೆಯವರ ಗೃಹಲಕ್ಷ್ಮಿ ಹಣಕ್ಕೆ? ಆಧಾರಿಗೆ? ಬೆಳೆಸಾಲದ ಖಾತೆಗೆ?"

"ಎಲ್ಲಕ್ಕೂ ಇದೇ ನಂಬರು. ನಮ್ಮನೇಲಿ ಇನ್ನೊಂದು ಎಲ್ಲೈತೆ ಸ್ವಾಮಿ?"

ಇಷ್ಟು ಹೇಳುವ ಹೊತ್ತಿಗೆ ಯಜಮಾನರ ನಗು ನಿಂತಿತ್ತು.

ನೋಡಿ, ಇದೇ ಇವತ್ತು ನಾವು ತಿಳಿಯಬೇಕಾದ ಮುಖ್ಯ ಸಂಗತಿ. ನಮ್ಮ ಜೇಬಿನಲ್ಲಿರುವುದು ಒಂದು ವಸ್ತುವಲ್ಲ, ಎರಡು. ಒಂದು ಫೋನಿನ ಸೆಟ್ಟು. ಅದರ ಬೆಲೆ ಎಂಟೋ ಹತ್ತೋ ಸಾವಿರ ರೂಪಾಯಿ. ಇನ್ನೊಂದು ಅದರೊಳಗೆ ಉಗುರಿನಷ್ಟು ಅಗಲದ ಸಿಮ್ಮು, ಅಂದರೆ ನಮ್ಮ ನಂಬರು. ಅದರ ಬೆಲೆಯನ್ನು ಅಂಗಡಿಯಲ್ಲಿ ಹೇಳಲಾರರು. ಬ್ಯಾಂಕಿನವರಿಗೆ, ಆಧಾರಿನವರಿಗೆ, ಸರ್ಕಾರದವರಿಗೆ ಆ ನಂಬರು ಯಾರ ಕೈಯಲ್ಲಿದೆಯೋ ಅವರೇ ನೀವು. ನಾವು ಕಾಯುವುದಿದ್ದರೆ ಮೊದಲು ಕಾಯಬೇಕಾದ್ದು ಈ ಎರಡನೆಯದನ್ನು. ಆದರೆ ಹೆಚ್ಚಿನ ಜನ ಮಾಡುವುದು ಇದಕ್ಕೆ ತಿರುಗುಮುರುಗು. ಸೆಟ್ಟಿಗೆ ದಪ್ಪ ಕವರು, ಗಾಜಿನ ಮೇಲೆ ಇನ್ನೊಂದು ಗಾಜು. ಸಿಮ್ಮಿಗೆ ಏನೂ ಇಲ್ಲ.

ತಿಪಟೂರಿನ ಕಡೆಯ ಒಬ್ಬ ತೆಂಗಿನ ಬೆಳೆಗಾರರ ಸಂಗತಿ ಕೇಳಿ. ಕೊಬ್ಬರಿ ಮಾರಿದ ಹಣ ಖಾತೆಗೆ ಬಂದಿತ್ತು. ಕೊಳವೆಬಾವಿಯ ಮೋಟಾರು ಸುಟ್ಟುಹೋಗಿದ್ದರಿಂದ ಅದನ್ನು ಬದಲಾಯಿಸಲೆಂದು ಆ ಹಣವನ್ನು ಮುಟ್ಟದೆ ಇಟ್ಟಿದ್ದರು. ಒಂದು ಸಂಜೆ ಬಸ್ಸು ಹತ್ತುವ ನೂಕುನುಗ್ಗಲಿನಲ್ಲಿ ಜೇಬಿನ ಫೋನು ಹೋಯಿತು. ಇವರು ಅಷ್ಟೇನೂ ಗಾಬರಿಯಾಗಲಿಲ್ಲ. ಫೋನಿಗೆ ಗೀಟು ಎಳೆಯುವ ಲಾಕು ಹಾಕಿದ್ದರು. ತೆರೆಯಲು ಯಾರಿಂದಲೂ ಆಗದು ಎಂಬ ಧೈರ್ಯ. ಮಾರನೆಯ ದಿನವೆಲ್ಲ ಬಸ್ ನಿಲ್ದಾಣದಲ್ಲಿ ಅವರಿವರನ್ನು ವಿಚಾರಿಸಿದರು. ಅದರ ಮಾರನೆಯ ದಿನ ನಂಟರ ಮನೆಯ ಒಂದು ಕಾರ್ಯ. ನಾಲ್ಕನೆಯ ದಿನ ಮೋಟಾರಿಗೆ ಹಣ ತೆಗೆಯಲು ಬ್ಯಾಂಕಿಗೆ ಹೋದರೆ ಖಾತೆಯಲ್ಲಿ ಉಳಿದದ್ದು ಇನ್ನೂರು ಚಿಲ್ಲರೆ. ಮೊದಲನೆಯ ದಿನ ಐದು ಸಾವಿರ, ಆಮೇಲೆ ಎರಡು ಸಲ ದೊಡ್ಡ ಮೊತ್ತ, ಹೀಗೆ ಅರವತ್ತು ಸಾವಿರದ ಮೇಲೆ ಹೋಗಿತ್ತು.

ಕಳ್ಳ ಅವರ ಫೋನನ್ನು ಒಮ್ಮೆಯೂ ತೆರೆಯಲಿಲ್ಲ ಎಂಬುದನ್ನು ಗಮನಿಸಿ. ತೆರೆಯುವ ಅಗತ್ಯವೇ ಅವನಿಗೆ ಬೀಳಲಿಲ್ಲ. ಸಿಮ್ಮನ್ನು ತೆಗೆದು ತನ್ನ ಕೈಯಲ್ಲಿದ್ದ ಬೇರೆ ಫೋನಿಗೆ ಹಾಕಿದ. ಯುಪಿಐ ಎಂಬ ಹಣ ಕಳಿಸುವ ಏರ್ಪಾಡು 2016ರಲ್ಲಿ ನಮ್ಮ ದೇಶದಲ್ಲಿ ಬಂತಷ್ಟೆ. ಅದು ನಂಬರನ್ನು ನೋಡಿಯೇ ಆ ನಂಬರಿಗೆ ಸೇರಿದ ಬ್ಯಾಂಕು ಖಾತೆಯನ್ನು ಹುಡುಕಿಕೊಳ್ಳುತ್ತದೆ. ಹೊಸ ಪಿನ್ನು ಮಾಡಿಕೊಳ್ಳಲು ಅದು ಕೇಳುವುದು ಎಟಿಎಂ ಕಾರ್ಡಿನ ಮೇಲೆ ಅಚ್ಚಾಗಿರುವ ಕೆಲವು ಅಂಕಿಗಳು, ಇಲ್ಲವೇ ಆಧಾರಿನ ಕೆಲವು ಅಂಕಿಗಳು; ಜೊತೆಗೆ ಆ ಸಿಮ್ಮಿಗೇ ಬರುವ ಒಟಿಪಿ. ಕೆಲವು ಬ್ಯಾಂಕಿನವರು ಎಟಿಎಂ ಪಿನ್ನನ್ನೂ ಕೇಳುತ್ತಾರೆ, ಎಲ್ಲರೂ ಕೇಳುವುದಿಲ್ಲ. ಈ ಬೆಳೆಗಾರರ ಎಟಿಎಂ ಕಾರ್ಡು ಎಲ್ಲಿತ್ತು ಅಂತೀರಿ? ಫೋನಿನ ಕವರಿನ ಒಳಗೆ. ಆಧಾರಿನ ಜೆರಾಕ್ಸೂ ಅಲ್ಲೇ ಮಡಿಸಿಟ್ಟಿದ್ದರು. ಹಣ ಹೋದಾಗ ಬ್ಯಾಂಕಿನಿಂದ ಎಚ್ಚರಿಕೆಯ ಮೆಸೇಜು ಬರುತ್ತದಲ್ಲ, ಅದೂ ಬಂತು. ಆದರೆ ಬಂದದ್ದು ಕಳ್ಳನ ಕೈಯಲ್ಲಿದ್ದ ಸಿಮ್ಮಿಗೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವುಂಟು. ಬೇರೆ ಫೋನಿನಲ್ಲಿ ಹೊಸದಾಗಿ ಯುಪಿಐ ತೆರೆದರೆ ಮೊದಲ 24 ಗಂಟೆ 5,000 ರೂಪಾಯಿಗಿಂತ ಹೆಚ್ಚು ಕಳಿಸಲು ಬಿಡುವುದಿಲ್ಲ. ಕಳೆದುಕೊಂಡವನು ಎಚ್ಚೆತ್ತುಕೊಳ್ಳಲಿ ಎಂದೇ ಇಟ್ಟ ಗಡುವು ಅದು. ನಮ್ಮ ಬೆಳೆಗಾರರು ಆ ಒಂದು ದಿನವನ್ನು ಸೆಟ್ಟು ಹುಡುಕುವುದರಲ್ಲಿ ಕಳೆದರು. ಆ ಸಂಜೆಯೇ ಸಿಮ್ ಕಂಪನಿಗೆ ಒಂದು ಫೋನು ಮಾಡಿಸಿದ್ದರೆ ಹೋಗುತ್ತಿದ್ದದ್ದು ಸೆಟ್ಟು, ಬಹಳವಾದರೆ ಅದರ ಮೇಲೆ ಐದು ಸಾವಿರ.

ಆದಕಾರಣ ಮೊದಲ ಕೆಲಸ, ಇವತ್ತೇ, ಈಗಲೇ ನಿಮ್ಮ ಫೋನಿನ ಕವರು ಬಿಚ್ಚಿ ನೋಡಿ. ಎಟಿಎಂ ಕಾರ್ಡು, ಆಧಾರು, ಪಿನ್ನು ಬರೆದ ಚೀಟಿ ಏನೇ ಇದ್ದರೂ ತೆಗೆದು ಮನೆಯಲ್ಲಿಡಿ. ದೇವರ ಫೋಟೋ ಇದ್ದರೆ ಇರಲಿ. ಕಾರ್ಡಿನ ಚಿತ್ರ ತೆಗೆದು ಫೋನಿನ ಒಳಗೆ ಇಟ್ಟುಕೊಳ್ಳುವ ಅಭ್ಯಾಸವೂ ಕೆಲವರಿಗುಂಟು, ಅದನ್ನೂ ಅಳಿಸಿಬಿಡಿ. ಇದಕ್ಕೆ ಕಾಸಿನ ಖರ್ಚಿಲ್ಲ, ಯಾರ ನೆರವೂ ಬೇಕಿಲ್ಲ.

ಎರಡನೆಯದು ಸಿಮ್ಮಿಗೇ ಬೀಗ ಹಾಕುವುದು. ಸಿಮ್ಮಿಗೆ ತನ್ನದೇ ಒಂದು ಪಿನ್ನು ಉಂಟೆಂಬುದು ಓದಿದವರಿಗೂ ಅನೇಕರಿಗೆ ತಿಳಿಯದು. ಫೋನಿನ ಸೆಟ್ಟಿಂಗ್ಸಿನಲ್ಲಿ, ಸೆಕ್ಯೂರಿಟಿ ಎಂಬ ಭಾಗದಲ್ಲಿ, ಸಿಮ್ ಲಾಕ್ ಎಂದಿರುತ್ತದೆ. ಇದನ್ನು ಹಾಕಿಕೊಂಡರೆ ಫೋನನ್ನು ಆರಿಸಿ ಹಚ್ಚಿದಾಗಲೆಲ್ಲ, ಸಿಮ್ಮನ್ನು ಬೇರೆ ಫೋನಿಗೆ ಹಾಕಿದಾಗಲೂ, ಆ ಪಿನ್ನು ಕೊಡದೆ ಸಿಮ್ಮು ಕೆಲಸ ಮಾಡದು. ಕಳ್ಳನ ಫೋನಿನಲ್ಲಿ ಅದು ಬರಿಯ ಪ್ಲಾಸ್ಟಿಕ್ ಚೂರು.

ಆದರೆ ಇಲ್ಲಿ ಆತುರ ಬೇಡ. ಹೊಸ ಸಿಮ್ಮಿಗೆ ಕಂಪನಿಯವರೇ ಮೊದಲು ಒಂದು ಪಿನ್ನು ಇಟ್ಟಿರುತ್ತಾರೆ. ಅದು ಒಂದೊಂದು ಕಂಪನಿಗೆ ಒಂದೊಂದು. ಅದನ್ನು ಕಂಪನಿಯವರನ್ನೇ ಕೇಳಿ ತಿಳಿದು, ಮೊದಲು ಅದನ್ನು ಒತ್ತಿ, ಆಮೇಲೆ ನಿಮ್ಮದನ್ನು ಇಡಬೇಕು. ಅಂದಾಜಿನ ಮೇಲೆ ಒತ್ತತಕ್ಕದ್ದಲ್ಲ. ಮೂರು ಸಲ ತಪ್ಪಿದರೆ ಸಿಮ್ಮು ಬಿಗಿದುಕೊಳ್ಳುತ್ತದೆ. ಅದನ್ನು ಬಿಡಿಸಲು ಪಿ.ಯು.ಕೆ. ಎಂಬ ಎಂಟು ಅಂಕಿಯ ಸಂಖ್ಯೆಯನ್ನು ಕಂಪನಿಯಿಂದ ಪಡೆಯಬೇಕಾಗುತ್ತದೆ. ಅದನ್ನೂ ಹತ್ತು ಸಲ ತಪ್ಪಾಗಿ ಒತ್ತಿದರೆ ಆ ಸಿಮ್ಮಿನ ಕಥೆ ಮುಗಿಯಿತು, ಹೊಸದನ್ನೇ ತರಬೇಕು. ವಯಸ್ಸಾದವರು ಪಿನ್ನನ್ನು ಮರೆಯುವುದು ಸಹಜ. ಅವರು ಅದನ್ನು ಒಂದು ಹಾಳೆಯಲ್ಲಿ ಬರೆದು ಪಹಣಿ, ಪಾಸ್ ಪುಸ್ತಕ ಇಡುವ ಪೆಟ್ಟಿಗೆಯಲ್ಲಿಡಲಿ. ಪಿನ್ನನ್ನು ಬರೆದಿಡಬಾರದು ಎಂದು ಪೇಟೆಯ ಪಂಡಿತರು ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಸಿಮ್ಮಿನ ಪಿನ್ನು ಮನೆಯ ಪೆಟ್ಟಿಗೆಯಲ್ಲಿದ್ದರೆ ಬಸ್ಸಿನ ಕಳ್ಳನಿಗೆ ಅದರಿಂದ ಏನು ಪ್ರಯೋಜನ?

ಮಧ್ಯೆ ಒಂದು ಮಾತು. ನಿಮ್ಮಲ್ಲಿ ಅನೇಕರ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರು ಇದೆ. ಮನೆಯಿಂದಲೇ ಫೋನು ಮಾಡಿ ಮೋಟಾರು ಚಾಲೂ ಮಾಡುತ್ತೀರಿ. ಆ ಪೆಟ್ಟಿಗೆಯ ಒಳಗೂ ಒಂದು ಸಿಮ್ಮು ಇರುತ್ತದೆ. ಅದಕ್ಕೆ ಮಾತ್ರ ಪಿನ್ನು ಹಾಕಬೇಡಿ. ಕರೆಂಟು ಹೋಗಿ ಬಂದಾಗ ಪೆಟ್ಟಿಗೆ ಮತ್ತೆ ಹೊಸದಾಗಿ ಚಾಲೂ ಆಗುತ್ತದೆ. ಆಗ ಪಿನ್ನು ಒತ್ತುವವರು ಯಾರು? ಮೋಟಾರು ನಿಂತೇ ಇರುತ್ತದೆ, ಪೈರು ಒಣಗುತ್ತದೆ. ಅದರ ಬದಲು ಆ ಸಿಮ್ಮಿನ ನಂಬರನ್ನು ಬ್ಯಾಂಕಿಗಾಗಲಿ ಆಧಾರಿಗಾಗಲಿ ಯಾವತ್ತೂ ಕೊಡಬೇಡಿ. ಬಾವಿಯ ಹತ್ತಿರ ಒಂಟಿಯಾಗಿ ನಿಂತ ಪೆಟ್ಟಿಗೆಯನ್ನು ಒಡೆದು ಸಿಮ್ಮು ತೆಗೆಯುವುದು ಎಷ್ಟರ ಕೆಲಸ? ಹಾಗೇನಾದರೂ ಆದರೆ, ರೀಚಾರ್ಜು ತಾನೆ ಹೋಯಿತು ಎಂದು ಸುಮ್ಮನಿರದೆ ಅದನ್ನೂ ಕೂಡಲೇ ನಿಲ್ಲಿಸಿ. ಅದು ನಿಮ್ಮ ಹೆಸರಿನಲ್ಲಿರುವ ಸಿಮ್ಮು; ಅದರಿಂದ ಯಾರೇ ಏನೇ ಕೆಟ್ಟ ಕೆಲಸ ಮಾಡಿದರೂ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ.

ಇನ್ನು ಸೆಟ್ಟಿನ ಲಾಕು. ಇದೂ ಬೇಕು, ಸಂಶಯವಿಲ್ಲ. ಗೀಟು ಎಳೆಯುವ ಲಾಕಿಗಿಂತ ಆರು ಅಂಕಿಯ ಪಿನ್ನು ಉತ್ತಮ. ದಿನವೂ ಅದೇ ಗೀಟು ಎಳೆದೆಳೆದು ಬೆವರಿನ ಕೈಯ ಗುರುತು ಗಾಜಿನ ಮೇಲೆ ಉಳಿಯುತ್ತದೆ, ಬಿಸಿಲಿಗೆ ಓರೆಯಾಗಿ ಹಿಡಿದರೆ ಸಾಕು, ಕಾಣುತ್ತದೆ. ಬೆರಳಚ್ಚಿನ ಲಾಕು ಕೇಳಲು ಸುಲಭ. ಆದರೆ ಗುದ್ದಲಿ ಮಚ್ಚು ಹಿಡಿದು ಸವೆದ ಬೆರಳು ನ್ಯಾಯಬೆಲೆ ಅಂಗಡಿಯ ಯಂತ್ರದಲ್ಲೇ ಮೂಡುವುದಿಲ್ಲ ಎಂದು ನಿಮಗೆ ಅನುಭವವಿದೆ. ಫೋನಿನಲ್ಲೂ ಅದೇ ಪಾಡು. ಬೆರಳು ಹಿಡಿಯದಿದ್ದರೆ ಫೋನು ಕೊನೆಗೆ ಪಿನ್ನನ್ನೇ ಕೇಳುತ್ತದೆ. ಹಾಗಾಗಿ ಪಿನ್ನು ಗಟ್ಟಿಯಾಗಿರಲಿ. 123456, ಹುಟ್ಟಿದ ವರ್ಷ, ಟ್ರ್ಯಾಕ್ಟರಿನ ನಂಬರು, ಇವು ಬೇಡ. ಲಾಕು ಹಾಕಿದ್ದರೂ ಬಂದ ಮೆಸೇಜು ಪರದೆಯ ಮೇಲೆ ತಾನಾಗಿ ಮೂಡುತ್ತದಲ್ಲ, ಅದರಲ್ಲಿ ಒಟಿಪಿಯೂ ಕಾಣುತ್ತದೆ. ಸೆಟ್ಟಿಂಗ್ಸಿನಲ್ಲಿ ಅದನ್ನು ಮುಚ್ಚಿಡುವ ಅನುಕೂಲವಿದೆ. ಮನೆಯ ಹುಡುಗರಿಗೆ ಹೇಳಿದರೆ ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಇಲ್ಲಿ ಹೆಚ್ಚಿನವರು ಎಡವುವ ಒಂದು ಜಾಗವುಂಟು. ಹೊಸ ಫೋನು ಕೊಂಡಾಗ ಅದಕ್ಕೆ ಗೂಗಲ್ ಖಾತೆ, ಅಂದರೆ ಜಿ-ಮೇಲ್, ಹಾಕಬೇಕು. ನಾವು ಏನು ಮಾಡುತ್ತೇವೆ? "ನೀನೇ ಹಾಕಿಕೊಡಪ್ಪ" ಎಂದು ಅಂಗಡಿಯ ಹುಡುಗನ ಕೈಗೆ ಕೊಡುತ್ತೇವೆ. ಅವನು ತನಗೆ ತೋಚಿದ ಒಂದು ಹೆಸರು, ಒಂದು ಪಾಸ್‌ವರ್ಡು ಹಾಕಿ ಕೈಗೆ ಕೊಡುತ್ತಾನೆ. ನಮಗೂ ನೆನಪಿಲ್ಲ, ಅವನಿಗೂ ನೆನಪಿಲ್ಲ. ಜಮೀನು ನಮ್ಮದು, ಪಹಣಿ ಇನ್ನಾರದೋ ಹೆಸರಿನಲ್ಲಿ ಎಂಬಂತಾಯಿತು. ಆ ಖಾತೆ ನಿಮ್ಮ ಕೈಯಲ್ಲಿದ್ದರೆ ಅದರಿಂದ ಮೂರು ಅನುಕೂಲಗಳುಂಟು. ಕಳೆದ ಫೋನು ಚಾಲೂ ಇದ್ದು ಅದರಲ್ಲಿ ನೆಟ್ಟು ಇದ್ದರೆ ಅದು ಎಲ್ಲಿದೆ ಎಂದು ಬೇರೆ ಫೋನಿನಿಂದ ನೋಡಬಹುದು. ಹೊಲದಲ್ಲೇ ಎಲ್ಲೋ ಬಿದ್ದಿದ್ದರೆ ಜೋರಾಗಿ ಕೂಗಿಸಬಹುದು. ಕಳ್ಳತನವೇ ಆಗಿದ್ದರೆ ದೂರದಿಂದಲೇ ಲಾಕು ಮಾಡಬಹುದು, ಒಳಗಿನದನ್ನೆಲ್ಲ ಅಳಿಸಬಹುದು. ಕಳ್ಳ ಫೋನನ್ನು ಬಲವಂತವಾಗಿ ಖಾಲಿ ಮಾಡಿದರೂ, ಮತ್ತೆ ಶುರುಮಾಡುವಾಗ ಅದು ಹಳೆಯ ಖಾತೆಯನ್ನೋ ಹಳೆಯ ಲಾಕನ್ನೋ ಕೇಳಿ ಕೂರುತ್ತದೆ. 2015ರ ಈಚೆಗೆ ಬಂದ ಆಂಡ್ರಾಯ್ಡ್ ಫೋನುಗಳಲ್ಲಿ ಈ ಏರ್ಪಾಡು ಬಂದಿದೆ. ಆದರೆ ಖಾತೆಯ ಪಾಸ್‌ವರ್ಡು ನಿಮಗೇ ಗೊತ್ತಿಲ್ಲದಿದ್ದರೆ ಈ ಬೀಗ ಕಳ್ಳನಿಗಿಂತ ಮೊದಲು ನಿಮ್ಮನ್ನೇ ಹೊರಗೆ ನಿಲ್ಲಿಸುತ್ತದೆ. ಆದ್ದರಿಂದ ಖಾತೆಯ ಹೆಸರು ಏನೆಂದು ಫೋನಿನಲ್ಲಿ ನೋಡಿಸಿ, ಪಾಸ್‌ವರ್ಡನ್ನು ಹೊಸದಾಗಿ ಇಡಿಸಿ, ಅದನ್ನೂ ಪೆಟ್ಟಿಗೆಯ ಹಾಳೆಯಲ್ಲಿ ಬರೆಯಿರಿ.

2024ರಿಂದ ಈಚೆಗೆ ಆಂಡ್ರಾಯ್ಡ್ ಫೋನುಗಳಿಗೆ ಇನ್ನೊಂದು ಅನುಕೂಲ ಬಂದಿದೆ. ಕೈಯಿಂದ ಕಿತ್ತುಕೊಂಡು ಓಡಿದರೆ ಆ ಜಗ್ಗಾಟವನ್ನು ತಿಳಿದು ಫೋನು ತಾನೇ ಲಾಕು ಮಾಡಿಕೊಳ್ಳುತ್ತದೆ. ಸೆಟ್ಟಿಂಗ್ಸಿನಲ್ಲಿ ಗೂಗಲ್ ಎಂಬ ಭಾಗದಲ್ಲಿ ಕಳ್ಳತನದ ರಕ್ಷಣೆ ಎಂದು ಇದ್ದರೆ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಚಿಂತೆ ಬೇಡ. ಇದರ ಹೊರತು ದುಡ್ಡು ಕೊಟ್ಟು ಬೇರೆ ಯಾವ ರಕ್ಷಣೆಯ ಆಪೂ ಕೊಳ್ಳುವ ಅಗತ್ಯ ನನಗೆ ಕಾಣದು.

ಇದುವರೆಗೆ ಹೇಳಿದ್ದು ಕಳ್ಳನ ಮಾತು. ದುರುಪಯೋಗ ಯಾವಾಗಲೂ ಕಳ್ಳನಿಂದಲೇ ಆಗಬೇಕೆಂದಿಲ್ಲ. "ದುಡ್ಡು ಬಂತಾ ನೋಡಪ್ಪ" ಎಂದು ನಾವು ದಿನಕ್ಕೆ ಎಷ್ಟು ಜನರ ಕೈಗೆ ಫೋನು ಕೊಡುತ್ತೇವೆ, ಲೆಕ್ಕ ಹಾಕಿ. ಕಣ್ಣು ಮಂಜಾದವರು, ಓದು ಬಾರದವರು ಕೊಡದೆ ಮಾಡುವುದೇನು? ಅದನ್ನು ನಾನು ತಪ್ಪೆನ್ನುವುದಿಲ್ಲ. ಕೊಡಿ, ಮೆಸೇಜು ಓದಿಸಿಕೊಳ್ಳಿ. ಆದರೆ ಕಂಡಕಂಡವರಿಗೆ ಬೇಡ, ಮನೆಯವರೋ ನಂಬಿಕೆಯ ಒಬ್ಬರೋ ಇರಲಿ. ಮತ್ತು ಯುಪಿಐ ಪಿನ್ನನ್ನು ಒತ್ತುವ ಬೆರಳು ಮಾತ್ರ ನಿಮ್ಮದೇ ಆಗಿರಲಿ. ಹಿಂದೆ ಸಾಹುಕಾರರು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ಬರೆಸಿಕೊಂಡ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಪಿನ್ನನ್ನು ಬಾಯಿಬಿಟ್ಟು ಹೇಳುವುದೂ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಹಾಗೆಯೇ. ಡೈರಿಯ ಮುಂದಿನ ಆ ಯಜಮಾನರಿಗೆ ಹೀಗೆಂದಾಗ, "ಅಯ್ಯೋ, ನಮ್ಮ ಪಿನ್ನು ಕಿರಾಣಿ ಅಂಗಡಿ ಹುಡುಗನಿಗೂ ಗೊತ್ತು ಸ್ವಾಮಿ. ಒಳ್ಳೆ ಹುಡುಗ" ಎಂದರು. ಹುಡುಗ ಒಳ್ಳೆಯವನೇ ಇರಬಹುದು. ಆದರೆ ನಾಳೆ ಹಣ ಕಾಣೆಯಾದರೆ ಮೊದಲು ಅನುಮಾನ ಬೀಳುವುದು ಆ ಹುಡುಗನ ಮೇಲೆಯೇ. ಅವನ ಮರ್ಯಾದೆ ಉಳಿಸಲಿಕ್ಕಾದರೂ ಪಿನ್ನು ಬದಲಾಯಿಸಿ ಎಂದೆ. ಅದು ಅವರ ಮನಸ್ಸಿಗೆ ಹಿಡಿಸಿತು.

ಯುಪಿಐ ಪಿನ್ನು ಬೇಕಾಗುವುದು ಹಣ ಕೊಡುವುದಕ್ಕೆ, ಇಲ್ಲವೇ ಖಾತೆಯಲ್ಲಿ ಎಷ್ಟಿದೆ ಎಂದು ನೋಡುವುದಕ್ಕೆ. ಹಣ ಬರುವುದಕ್ಕೆ ಪಿನ್ನು ಬೇಕಿಲ್ಲ. "ಈರುಳ್ಳಿ ಹಣ ಹಾಕ್ತೀನಿ, ಪಿನ್ ಒತ್ತಿ ತಗೊಳ್ಳಿ" ಎಂದು ಯಾವನಾದರೂ ಹೇಳಿದರೆ ಅವನು ಹಾಕುವವನಲ್ಲ, ಎತ್ತುವವನು.

ವಾಟ್ಸಾಪಿನಲ್ಲಿ ಬರುವ ಕಡತಗಳ ವಿಷಯದಲ್ಲೂ ಜೋಕೆ. ಪಿ.ಎಂ. ಕಿಸಾನ್ ಪಟ್ಟಿ, ಗಾಡಿಯ ದಂಡದ ಚೀಟಿ, ಮದುವೆಯ ಕರೆಯೋಲೆ, ಹೀಗೆ ನಾನಾ ಹೆಸರಿನಲ್ಲಿ ಬರುತ್ತವೆ. ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಎ.ಪಿ.ಕೆ. ಎಂಬ ಮೂರು ಇಂಗ್ಲಿಷ್ ಅಕ್ಷರದ ಬಾಲವಿದ್ದರೆ ಅದು ಪಟ್ಟಿಯೂ ಅಲ್ಲ, ಕರೆಯೋಲೆಯೂ ಅಲ್ಲ. ನಿಮ್ಮ ಫೋನಿನೊಳಗೆ ಬಂದು ಸೇರಿಕೊಳ್ಳುವ ಆಪು. ಒಳಗೆ ಬಿಟ್ಟುಕೊಂಡರೆ ಮೆಸೇಜು ಓದಲು ಅನುಮತಿ ಕೇಳುತ್ತದೆ. ಅಭ್ಯಾಸಬಲದಿಂದ ನಾವು ಸರಿ ಎಂದು ಒತ್ತುತ್ತೇವೆ. ಅಲ್ಲಿಂದ ಮುಂದೆ ಒಟಿಪಿ ನಮಗೆ ಕಾಣುವ ಮೊದಲೇ ಅವರಿಗೆ ಮುಟ್ಟುತ್ತದೆ. ಇದರಲ್ಲಿ ಫೋನು ನಿಮ್ಮ ಜೇಬಿನಲ್ಲೇ ಇರುತ್ತದೆ, ಕಳ್ಳತನವೂ ಆಗಿಹೋಗಿರುತ್ತದೆ. ಗೊತ್ತಿರುವವರಿಂದ ಬಂದಿದೆ ಎಂಬ ಕಾರಣಕ್ಕೆ ತೆರೆಯಬೇಡಿ. ಅವರ ಫೋನು ಕೆಟ್ಟಿದ್ದರೆ ಅವರ ಹೆಸರಿನಲ್ಲೇ ಬರುತ್ತದೆ.

ಸಾಧ್ಯವಾದವರು ಇನ್ನೊಂದು ಕೆಲಸ ಮಾಡಬಹುದು. ಫಸಲಿನ ಹಣ, ಸಾಲದ ಹಣ ಬರುವ ಖಾತೆಯನ್ನು ಯುಪಿಐಗೆ ಸೇರಿಸದೆ ಹಾಗೆಯೇ ಬಿಟ್ಟು, ಬೇರೆ ಬ್ಯಾಂಕಿನಲ್ಲಿ ಒಂದು ಸಣ್ಣ ಖಾತೆ ತೆರೆದು ಎರಡು ಮೂರು ಸಾವಿರ ಅದರಲ್ಲಿಟ್ಟು ಫೋನಿನಿಂದ ಖರ್ಚು ಮಾಡುವುದು. ಕೈಲಾದರೆ ದೊಡ್ಡ ಖಾತೆಗೆ ಬೇರೆ ನಂಬರು ಕೊಟ್ಟು, ಆ ಸಿಮ್ಮನ್ನು ಮನೆಯಲ್ಲೇ ಇರುವ ಕೀಪ್ಯಾಡ್ ಫೋನಿನಲ್ಲಿಡುವುದು. ಸಂತೆಗೆ ಹೋಗುವಾಗ ಕಣಜವನ್ನೆಲ್ಲ ಹೊತ್ತುಕೊಂಡು ಹೋಗುವವರು ಯಾರೂ ಇಲ್ಲವಷ್ಟೆ.

ಇಷ್ಟೆಲ್ಲ ಮಾಡಿದ ಮೇಲೂ ಫೋನು ಹೋಯಿತು ಎನ್ನೋಣ. ಆಗ ಏನು ಮಾಡಬೇಕು? ಪಕ್ಕದವರ ಫೋನಿನಿಂದ ನಿಮ್ಮ ನಂಬರಿಗೆ ಒಂದೆರಡು ಸಲ ಕರೆ ಮಾಡಿ. ಎಷ್ಟೋ ಸಲ ಒಳ್ಳೆಯವರ ಕೈಗೆ ಸಿಕ್ಕಿರುತ್ತದೆ. ಆರಿಸಿಟ್ಟಿದೆ ಎಂದು ಬಂದರೆ ಇನ್ನು ಕಾಯಬೇಡಿ. ಅಲ್ಲೇ, ಅದೇ ಪಕ್ಕದವರ ಫೋನಿನಿಂದ, ಸಿಮ್ ಕಂಪನಿಯವರಿಗೆ ಹೇಳಿ ನಂಬರು ನಿಲ್ಲಿಸಿ. ಸಿಮ್ಮು ನಿಂತರೆ ಫೋನು ಹುಡುಕುವುದು ಕಷ್ಟವಾಗುತ್ತದಲ್ಲ ಎಂದು ಕೆಲವರು ಅನುಮಾನಿಸುತ್ತಾರೆ. ನಿಜ, ಕಷ್ಟವಾಗುತ್ತದೆ. ಆದರೂ ನಿಲ್ಲಿಸಿ. ಎಂಟು ಸಾವಿರದ ಆಸೆಗೆ ವರ್ಷದ ಫಸಲನ್ನು ಪಣಕ್ಕೆ ಇಡಬಾರದು. ಸಿಮ್ಮಿಗೆ ಪಿನ್ನು ಹಾಕಿದ್ದರೂ ನಿಲ್ಲಿಸಲೇಬೇಕು. ಏಕೆಂದರೆ ಸಿಮ್ಮು ಇನ್ನೂ ನಿಮ್ಮ ಸೆಟ್ಟಿನಲ್ಲೇ ಚಾಲೂ ಇದ್ದರೆ ಲಾಕು ಬಿಚ್ಚದೆಯೂ ಬಂದ ಕರೆಯನ್ನು ಎತ್ತಬಹುದು.

ಆಮೇಲೆ ಬ್ಯಾಂಕು. ಬ್ಯಾಂಕಿನ ಸಹಾಯದ ನಂಬರನ್ನು ಪಾಸ್ ಪುಸ್ತಕದಿಂದಲೋ ಎಟಿಎಂ ಕಾರ್ಡಿನ ಹಿಂಬದಿಯಿಂದಲೋ ಮೊದಲೇ ಬರೆದಿಟ್ಟುಕೊಂಡಿರಬೇಕು. ಆ ಗಾಬರಿಯಲ್ಲಿ ನೆಟ್ಟಿನಲ್ಲಿ ಹುಡುಕಿದರೆ ಮೋಸಗಾರರೇ ಹಾಕಿಟ್ಟ ನಂಬರು ಸಿಗಬಹುದು. ಫೋನು ಹೋಗಿದೆ, ಯುಪಿಐ ಮತ್ತು ಕಾರ್ಡು ನಿಲ್ಲಿಸಿ ಎಂದು ಹೇಳಿ, ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಈ ಸಂಖ್ಯೆಗೆ ಬೆಲೆಯುಂಟು. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ ಹೇಳಿದ್ದು ಹೀಗೆ: ಬ್ಯಾಂಕಿನದೂ ಗಿರಾಕಿಯದೂ ತಪ್ಪಿಲ್ಲದೆ ಹಣ ಹೋದ ಪಕ್ಷದಲ್ಲಿ, ಬ್ಯಾಂಕಿನಿಂದ ತಿಳಿವಳಿಕೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗಿರಾಕಿಗೆ ನಷ್ಟವಿಲ್ಲ. ಪಿನ್ನು ಹೇಳಿದ್ದೇ ಮೊದಲಾದ ಅಜಾಗರೂಕತೆ ಗಿರಾಕಿಯದೇ ಆಗಿದ್ದರೂ, ದೂರು ಕೊಟ್ಟ ಗಳಿಗೆಯಿಂದ ಮುಂದೆ ಹೋದ ಹಣದ ಹೊಣೆ ಬ್ಯಾಂಕಿನದು. ಹಾಗಾದರೆ ನೀವು ಯಾವತ್ತು, ಎಷ್ಟು ಗಂಟೆಗೆ ಹೇಳಿದಿರಿ ಎಂಬುದೇ ಮುಖ್ಯವಾಗುತ್ತದೆ.

ಹಣ ಆಗಲೇ ಹೋಗಿದ್ದರೆ 1930 ಎಂಬ ನಂಬರಿಗೆ ಕರೆ ಮಾಡಬೇಕು. ಹಣದ ವಂಚನೆಗೆಂದೇ ದೇಶಕ್ಕೆಲ್ಲ ಒಂದೇ ನಂಬರು ಇದು. ಕಳ್ಳ ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋಗುತ್ತಾನೆ. ಕಾಲುವೆಯ ನೀರನ್ನು ತೂಬಿನಲ್ಲೇ ತಡೆದ ಹಾಗೆ, ಬೇಗ ತಿಳಿಸಿದರೆ ದಾರಿಯಲ್ಲಿರುವ ಹಣವನ್ನು ಆ ಖಾತೆಯಲ್ಲೇ ನಿಲ್ಲಿಸಲು ಸಾಧ್ಯ. ಗದ್ದೆಯಿಂದ ಗದ್ದೆಗೆ ಹರಿದುಹೋದ ಮೇಲೆ ಕಷ್ಟ. ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳದೆ ಇರುವವರನ್ನು ನಾನು ಕಂಡಿದ್ದೇನೆ. ಮೋಸ ಹೋದವನದು ಏನು ತಪ್ಪು? ಹೇಳಿಬಿಡಿ.

ಇವಿಷ್ಟೂ ಆದ ನಂತರ ಸೆಟ್ಟಿನ ಚಿಂತೆ ಮಾಡೋಣ. ಪ್ರತಿಯೊಂದು ಫೋನಿಗೂ ಐ.ಎಂ.ಇ.ಐ. ಎಂದು 15 ಅಂಕಿಗಳ ಒಂದು ಸಂಖ್ಯೆಯುಂಟು, ದನದ ಕಿವಿಯ ಓಲೆಯಲ್ಲಿ ನಂಬರು ಇರುತ್ತದಲ್ಲ ಹಾಗೆ. ಎರಡು ಸಿಮ್ಮಿನ ಫೋನಾದರೆ ಎರಡು ಸಂಖ್ಯೆ. *#06# ಎಂದು ಒತ್ತಿದರೆ ಪರದೆಯ ಮೇಲೆ ಬರುತ್ತದೆ. ಬಿಲ್ಲಿನಲ್ಲೂ ಡಬ್ಬದ ಮೇಲೂ ಅಚ್ಚಾಗಿರುತ್ತದೆ. ಫೋನು ಹೋದ ಮೇಲೆ ಒತ್ತಿ ನೋಡಲು ಬರುವುದಿಲ್ಲ, ಆದ್ದರಿಂದ ಇವತ್ತೇ ಬರೆದಿಡಿ. ಪೊಲೀಸರಿಗೆ ದೂರು ಕೊಟ್ಟು ಪ್ರತಿ ತೆಗೆದುಕೊಳ್ಳಿ. ಸಿಮ್ ಕಂಪನಿಯ ಕಚೇರಿಯಲ್ಲಿ ಅದೇ ನಂಬರಿನ ಹೊಸ ಸಿಮ್ಮು ಪಡೆಯಿರಿ. ಅದಕ್ಕೆ ಮೆಸೇಜು ಬರತೊಡಗಲು ಒಂದು ದಿನ ಹಿಡಿಯುತ್ತದೆ. ಬಳಿಕ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಎಂಬಲ್ಲಿ ಐ.ಎಂ.ಇ.ಐ. ಸಂಖ್ಯೆ, ದೂರಿನ ಪ್ರತಿ, ಗುರುತಿನ ಚೀಟಿ ಕೊಟ್ಟು ಆ ಸೆಟ್ಟನ್ನೇ ತಡೆಹಿಡಿಸಬಹುದು. 2023ರ ಮೇ ತಿಂಗಳಿನಿಂದ ಇದು ದೇಶಕ್ಕೆಲ್ಲ ಬಂದಿದೆ. ತಡೆಹಿಡಿದ ಸೆಟ್ಟಿಗೆ ನಮ್ಮ ದೇಶದ ಯಾವ ಕಂಪನಿಯ ಸಿಮ್ಮು ಹಾಕಿದರೂ ಟವರು ಅದನ್ನು ಸೇರಿಸಿಕೊಳ್ಳದು; ಯಾರಾದರೂ ಸಿಮ್ಮು ಹಾಕಿ ನೋಡಿದರೆ ಅದರ ಸುಳಿವು ಪೊಲೀಸರಿಗೆ ಸಿಗಲು ಅವಕಾಶವಿದೆ. ಫೋನು ಸಿಕ್ಕ ಮೇಲೆ ತಡೆಯನ್ನು ತೆಗೆಸಬಹುದು. ಆದರೆ ಬಿಡಿಭಾಗ ಮಾಡಿ ಮಾರಿದರೆ, ದೇಶ ದಾಟಿಸಿದರೆ ಇದು ನಡೆಯುವುದಿಲ್ಲ. ಆದಕಾರಣವೇ ಸೆಟ್ಟಿನ ಸರದಿ ಕೊನೆಗೆ ಎಂದದ್ದು. ಅದೇ ಸಂಚಾರ್ ಸಾಥಿಯಲ್ಲಿ ನಿಮ್ಮ ಹೆಸರಿನಲ್ಲಿ ಒಟ್ಟು ಎಷ್ಟು ಸಿಮ್ಮುಗಳಿವೆ ಎಂದೂ ನೋಡಬಹುದು. ನಿಮ್ಮದಲ್ಲದ ನಂಬರು ಕಂಡರೆ ನನ್ನದಲ್ಲ ಎಂದು ಅಲ್ಲೇ ತಿಳಿಸಿ.

ಹಳೆಯ ಫೋನು ಕೊಳ್ಳುವವರಿಗೂ ಒಂದು ಮಾತು. ಸಂತೆಯಲ್ಲಿ ಹತ್ತು ಸಾವಿರದ ಸೆಟ್ಟನ್ನು ಎರಡು ಸಾವಿರಕ್ಕೆ ಕೊಡುತ್ತೇನೆಂದು ಯಾರಾದರೂ ಬಂದರೆ ಬಿಲ್ಲು ಕೇಳಿ. ದನ ಕೊಳ್ಳುವಾಗ ಹಲ್ಲು ನೋಡದೆ ಕೊಳ್ಳುತ್ತೀರಾ? ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಆ ಸೆಟ್ಟಿನ 15 ಅಂಕಿ, ಇಷ್ಟನ್ನು 14422 ಎಂಬ ನಂಬರಿಗೆ ಮೆಸೇಜು ಮಾಡಿದರೆ ಆ ಫೋನಿನ ಜಾತಕ ಬರುತ್ತದೆ. ತಡೆಹಿಡಿದ ಫೋನಾದರೆ ಕೊಟ್ಟ ದುಡ್ಡೂ ಹೋಯಿತು, ಠಾಣೆಗೆ ಅಲೆಯುವುದೂ ತಪ್ಪದು.

ಡೈರಿಯ ಯಜಮಾನರು ಅವತ್ತು ಹಾಲು ಅಳೆದು ಮುಗಿಯುವ ಹೊತ್ತಿಗೆ ಕವರಿನಿಂದ ಎಟಿಎಂ ಕಾರ್ಡನ್ನು ತೆಗೆದು ಒಳಜೇಬಿಗೆ ಹಾಕಿಕೊಂಡರು. 15 ಅಂಕಿಗಳನ್ನು ಡೈರಿಯ ಕಾರ್ಯದರ್ಶಿಯವರಿಂದ ಹಾಲಿನ ಪುಸ್ತಕದ ಹಿಂಬದಿಗೆ ಬರೆಸಿಕೊಂಡರು. "ಸಿಮ್ಮಿನ ಬೀಗ ಭಾನುವಾರ ಮಗ ಬಂದಾಗ ಹಾಕಿಸ್ತೀನಿ, ಅಲ್ಲೀವರೆಗೆ ಸಂತೆಗೆ ಫೋನು ತಗಂಡು ಹೋಗಾಕಿಲ್ಲ" ಎಂದರು.